ಸೋನಿ–ನಿಂಟೆಂಡೊ ನೆಂಟಸ್ತಿಕೆ ಯಾವ ಸುಂಕದಕಟ್ಟೆಯಲ್ಲಿ ಮುರಿಯಿತು?

ಹೋದ ಭಾನುವಾರ ಅಕ್ಕನ ಮನೆಯಲ್ಲಿದ್ದೆ. ಮಾಗಡಿ ರಸ್ತೆ, ಸುಂಕದಕಟ್ಟೆ ಬಸ್ ಸ್ಟಾಪಿನಿಂದ ಐದು ನಿಮಿಷ ನಡೆದರೆ ಮನೆ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸೋನಿಯ ಪ್ಲೇಸ್ಟೇಷನ್‌ನಲ್ಲಿ ಫೋರ್ಟ್‌ನೈಟ್ ಆಡುತ್ತಿದ್ದ. ಅವನ ಜೊತೆಗಾರ ನಾಗರಬಾವಿಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಮುಂದೆ ಕೂತಿದ್ದ. ಹೆಡ್‌ಫೋನಿನಲ್ಲಿ ಇಬ್ಬರದೂ ಕೂಗಾಟ. ಆಟ ಮುಗಿದ ಮೇಲೆ ಹುಡುಗ ನನ್ನ ಕಡೆ ತಿರುಗಿದ. "ಮಾಮ, ಇಬ್ರೂ ಆಡೋದು ಒಂದೇ ಆಟ. ಈ ಎರಡು ಕಂಪನಿನೂ ಸೇರ್ಕೊಂಡು ಒಂದೇ ಡಬ್ಬ ಮಾಡ್ಬಾರ್ದಾ?"

ಮಾಡಬಹುದಿತ್ತು. ಮಾಡಲು ಹೊರಟೂ ಇದ್ದರು. ಗೇಮ್ ಕನ್ಸೋಲ್, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಈ ಡಬ್ಬ, ಮಾಡುವ ಕಂಪನಿಗಳು ಒಂದಾಗುವ ಮಾತು ಕಳೆದ ಮೂವತ್ತೈದಕ್ಕೂ ಹೆಚ್ಚು ವರ್ಷದಲ್ಲಿ ಹಲವು ಸಲ ನಡೆದಿದೆ. ಒಂದು ಸಲವಂತೂ ಡಬ್ಬವೇ ತಯಾರಾಗಿತ್ತು. ಅದರ ಮೇಲೆ ಸೋನಿಯ ಹೆಸರು, ಕಂಟ್ರೋಲರ್ ಮೇಲೆ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರದ ಗುರುತು. ಅಂಗಡಿಗೆ ಬರಲಿಲ್ಲ ಅಷ್ಟೇ. ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಅಕ್ಕನ ಏರಿಯಾದ ಹೆಸರಲ್ಲೇ ಇದೆ ಅಂತ ಹೇಳಿದಾಗ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಸುಂಕ. ಕನ್ಸೋಲ್ ವ್ಯಾಪಾರದ ಗುಟ್ಟು ಅದು. ಡಬ್ಬ ಮಾರಿ ದುಡ್ಡು ಮಾಡುವುದು ಕಡಿಮೆ. ಎಷ್ಟೋ ಸಲ ನಷ್ಟಕ್ಕೇ ಮಾರುತ್ತಾರೆ. ಎಕ್ಸ್‌ಬಾಕ್ಸ್ ಯಂತ್ರ ಮಾರಿ ಯಾವತ್ತೂ ಲಾಭ ಕಂಡಿಲ್ಲ ಎಂದು ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ಕೋರ್ಟಿನಲ್ಲೇ ಹೇಳಿದರು. ಲಾಭ ಬರುವುದು ಆ ಡಬ್ಬದಲ್ಲಿ ಓಡುವ ಆಟಗಳಿಂದ. ಆಟ ಯಾರೇ ಮಾಡಲಿ, ಡಬ್ಬದ ಯಜಮಾನನಿಗೆ ಪಾಲು ಕೊಡಬೇಕು. ಈಗಿನ ಆನ್‌ಲೈನ್ ಅಂಗಡಿಗಳಲ್ಲಿ ಆ ಪಾಲು ಸಾಮಾನ್ಯವಾಗಿ ನೂರಕ್ಕೆ ಮೂವತ್ತು. ಊರೊಳಗೆ ಬರುವ ಪ್ರತಿ ಗಾಡಿಯಿಂದ ಸುಂಕ ಎತ್ತುವ ಕಟ್ಟೆ ಇದ್ದಂತೆ. ಒಂದು ರಸ್ತೆಗೆ ಕಟ್ಟೆ ಒಂದೇ, ಹುಂಡಿಯೂ ಒಂದೇ. ಇಬ್ಬರು ಸೇರಿ ರಸ್ತೆ ಹಾಕಬಹುದು. ಹುಂಡಿಯ ಬೀಗದ ಕೈ ಯಾರ ಸೊಂಟದಲ್ಲಿ?

ಇದನ್ನು ಮೊದಲು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ನಿಂಟೆಂಡೊ. ಕ್ಯೋಟೊದಲ್ಲಿ 1889ರಲ್ಲಿ ಇಸ್ಪೀಟಿನಂಥ ಹನಫುಡ ಎಲೆಗಳನ್ನು ಮಾಡಲು ಶುರುವಾದ ಕಂಪನಿ. 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ಬಿಟ್ಟಿತು. ಅದರಲ್ಲಿ ಬೀಗವೇ ಇರಲಿಲ್ಲ. ಯಾರು ಬೇಕಾದರೂ ಅದಕ್ಕೆ ಕ್ಯಾಸೆಟ್ ಮಾಡಬಹುದು, ಯಾರು ಬೇಕಾದರೂ ಯಂತ್ರವನ್ನೇ ನಕಲು ಹೊಡೆಯಬಹುದು. ನಮ್ಮ ಕಾಲದ ಹುಡುಗರಿಗೆ ಇದು ಗೊತ್ತೇ ಇದೆ, ಹೆಸರು ಮಾತ್ರ ಗೊತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಬಾಡಿಗೆಗೆ ತಂದು ಟಿವಿಗೆ ಸಿಕ್ಕಿಸುತ್ತಿದ್ದ 'ವಿಡಿಯೋ ಗೇಮ್' ಇದೇ ಫ್ಯಾಮಿಕಾಮಿನ ನಕಲು. ಹಳದಿ ಕ್ಯಾಸೆಟ್, ಮೇಲೆ '9999 ಇನ್ 1' ಅಂತ ಸುಳ್ಳು, ಒಳಗೆ ಅದೇ ಮಾರಿಯೋ, ಅದೇ ಕಾಂಟ್ರಾ. ಓಡದಿದ್ದರೆ ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತೆ ಹಾಕುವುದು. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ತೆಗೆದು ಸರಿಯಾಗಿ ಕೂರಿಸಿದ್ದಕ್ಕೇ ಓಡುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಬೇಜಾರಾಯಿತು. ಒಟ್ಟಿನಲ್ಲಿ ಬೆಂಗಳೂರಿನ ಒಂದು ತಲೆಮಾರು ನಿಂಟೆಂಡೊಗೆ ಬಿಡಿಗಾಸು ಸುಂಕ ಕಟ್ಟದೆ ನಿಂಟೆಂಡೊ ಆಡಿ ಬೆಳೆದಿದೆ.

1985ರಲ್ಲಿ ಅಮೆರಿಕಕ್ಕೆ ಹೋಗುವಾಗ ನಿಂಟೆಂಡೊ ಬುದ್ಧಿ ಕಲಿತಿತ್ತು. ಅಲ್ಲಿಯ ಯಂತ್ರದಲ್ಲೂ ಕ್ಯಾಸೆಟ್ಟಿನಲ್ಲೂ ಒಂದೊಂದು ಬೀಗದ ಚಿಪ್ ಇಟ್ಟಿತು. ಎರಡೂ ಒಂದನ್ನೊಂದು ಗುರುತು ಹಿಡಿದರೆ ಮಾತ್ರ ಆಟ ಓಡುತ್ತದೆ. ಕ್ಯಾಸೆಟ್‌ಗಳನ್ನು ನಿಂಟೆಂಡೊನೇ ತಯಾರಿಸಿ ಕೊಡುತ್ತಿತ್ತು, ಅದರ ಖರ್ಚನ್ನು ಆಟದ ಕಂಪನಿ ಮೊದಲೇ ಕಟ್ಟಬೇಕು. ಒಂದು ಕಂಪನಿಗೆ ವರ್ಷಕ್ಕೆ ಐದೇ ಆಟ. ಕೊನಾಮಿ ಎಂಬ ಆಟದ ಕಂಪನಿ ಆ ಮಿತಿ ದಾಟಲು ಅಲ್ಟ್ರಾ ಎಂದು ಇನ್ನೊಂದು ಹೆಸರಲ್ಲಿ ಅಂಗಡಿ ತೆರೆಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ ಅಲ್ವಾ.

ಈಗ ಸೋನಿಗೆ ಬರೋಣ. ಅಲ್ಲಿ ಕೆನ್ ಕುತರಗಿ ಎಂಬ ಎಂಜಿನಿಯರ್ ಇದ್ದರು. ಮಗಳು ಆಡುತ್ತಿದ್ದ ಫ್ಯಾಮಿಕಾಮಿನ ಸದ್ದು ಕೇಳಿ, ಇದಕ್ಕಿಂತ ಒಳ್ಳೆಯ ಶಬ್ದ ಕೊಡಬಹುದಲ್ಲ ಅಂದುಕೊಂಡರು. ಸೋನಿಯ ದೊಡ್ಡವರಿಗೆ ಆಟದ ಸಾಮಾನು ಅಂದರೆ ತಾತ್ಸಾರ. ಕುತರಗಿ ಒಳಗೊಳಗೇ ನಿಂಟೆಂಡೊ ಜೊತೆ ಮಾತಾಡಿ ಅದರ ಮುಂದಿನ ಯಂತ್ರಕ್ಕೆ ಶಬ್ದದ ಚಿಪ್ ಮಾಡಿದರು. ಗೊತ್ತಾದಾಗ ಕಂಪನಿಯಲ್ಲಿ ಗಲಾಟೆ. ಅಧ್ಯಕ್ಷ ನೊರಿಯೊ ಓಗ ಕಾಪಾಡಿದರು. 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್ ಯಂತ್ರದ ದನಿ ಸೋನಿಯದು.

ಅಲ್ಲಿಂದ ಮಾತು ಸಿಡಿಗೆ ಹೋಯಿತು. 1988ರಲ್ಲಿ ಎರಡೂ ಕಂಪನಿಗಳು ಒಪ್ಪಂದ ಮಾಡಿಕೊಂಡವು. ನಿಂಟೆಂಡೊ ಯಂತ್ರಕ್ಕೆ ಸೋನಿ ಸಿಡಿ ಡ್ರೈವ್ ಮಾಡಿಕೊಡುವುದು. ಜೊತೆಗೆ ಕ್ಯಾಸೆಟ್ಟೂ ಸಿಡಿಯೂ ಎರಡೂ ಓಡುವ ಒಂದು ಡಬ್ಬವನ್ನು ಸೋನಿ ತನ್ನ ಹೆಸರಲ್ಲೇ ಮಾರುವುದು. ಅದರ ಹೆಸರು ಪ್ಲೇ ಸ್ಟೇಷನ್, ಆಗ ಎರಡು ಪದ. ಕ್ಯಾಸೆಟ್ಟಿನ ಸುಂಕ ನಿಂಟೆಂಡೊಗೆ. ಸಿಡಿಯಲ್ಲಿ ಬರುವ ಆಟಗಳ ಲೈಸೆನ್ಸ್ ಮಾತ್ರ ಸೋನಿ ಕೈಯಲ್ಲಿ.

ಆ ಕೊನೆಯ ಸಾಲಿನ ತೂಕ ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮಾಉಚಿಗೆ ತಟ್ಟಿದ್ದು ತಡವಾಗಿ. ನಾಳೆ ಎಲ್ಲರೂ ಸಿಡಿಗೆ ಹೋದರೆ ಕಟ್ಟೆ ಪೂರ್ತಿ ಸೋನಿಯದು, ತಾನು ಬರೀ ರಸ್ತೆ ಹಾಕಿಕೊಟ್ಟವನು. ಅವರು ಜಗಳ ಮಾಡಲಿಲ್ಲ, ಸೋನಿಗೆ ಒಂದು ಮಾತೂ ಹೇಳಲಿಲ್ಲ. ಅಮೆರಿಕದಲ್ಲಿ ಕಂಪನಿ ನೋಡಿಕೊಳ್ಳುತ್ತಿದ್ದ ಅಳಿಯ ಮಿನೊರು ಅರಕಾವಾ ಮತ್ತು ಹೊವಾರ್ಡ್ ಲಿಂಕನ್ ಅವರನ್ನು ಸೀದಾ ನೆದರ್‌ಲ್ಯಾಂಡ್ಸ್‌ಗೆ, ಫಿಲಿಪ್ಸ್ ಹತ್ತಿರ ಕಳಿಸಿದರು.

1991ರ ಜೂನ್, ಶಿಕಾಗೊ. ಸಿಇಎಸ್ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ. ಸೋನಿ ತನ್ನ ಪ್ಲೇ ಸ್ಟೇಷನ್ ಘೋಷಿಸಿತು. ಮರುದಿನ ಬೆಳಿಗ್ಗೆ ಅದೇ ಮೇಳದಲ್ಲಿ ನಿಂಟೆಂಡೊ ವೇದಿಕೆ ಹತ್ತಿ, ಸಿಡಿಗಾಗಿ ನಾವು ಫಿಲಿಪ್ಸ್ ಜೊತೆ ಕೈ ಜೋಡಿಸುತ್ತಿದ್ದೇವೆ ಅಂದಿತು. ನಿಶ್ಚಿತಾರ್ಥದ ಮರುದಿನ, ಅದೇ ಛತ್ರದಲ್ಲಿ, ಇನ್ನೊಬ್ಬರ ಜೊತೆ ತಾಂಬೂಲ ಬದಲಾಯಿಸಿಕೊಂಡ ಹಾಗೆ. ಇದರಲ್ಲಿ ಇನ್ನೊಂದು ಕಹಿ ಇತ್ತು. ಸಿಡಿಯನ್ನೇ ಲೋಕಕ್ಕೆ ಕೊಟ್ಟದ್ದು ಸೋನಿ ಮತ್ತು ಫಿಲಿಪ್ಸ್ ಜೊತೆಯಾಗಿ. ನಿಂಟೆಂಡೊ ಹೋಗಿ ಕೂತದ್ದು ಸೋನಿಯ ಹಳೇ ಪಾಲುದಾರನ ಮನೆಯಲ್ಲೇ.

ಫಿಲಿಪ್ಸ್ ನಂಟೂ ಎಲ್ಲೂ ಮುಟ್ಟಲಿಲ್ಲ. ಸಿಡಿ ಡ್ರೈವ್ ಬರಲೇ ಇಲ್ಲ. ಮಾರಿಯೋ, ಜೆಲ್ಡಾ ಪಾತ್ರಗಳನ್ನು ಹಾಕಿ ಫಿಲಿಪ್ಸ್‌ನ ಸಿಡಿ-ಐ ಯಂತ್ರಕ್ಕೆ ಕೆಲವು ಆಟಗಳು ಬಂದವು. ಇವತ್ತಿಗೂ ಅವು ನಗೆಪಾಟಲಿನ ಸರಕು.

ಸೋನಿ ಒಳಗೆ ಹೆಚ್ಚಿನವರು ಇಲ್ಲಿಗೇ ಬಿಡೋಣ ಅಂದರು. ಅವಮಾನ ಮರೆಯದ ಓಗ ಬಿಡಲಿಲ್ಲ. ಕುತರಗಿ ತಂಡವನ್ನು ಸೋನಿ ಮ್ಯೂಸಿಕ್ ಆಫೀಸಿಗೆ ಕಳಿಸಿ, ನೀವೇ ಪೂರ್ತಿ ಯಂತ್ರ ಮಾಡಿ ಅಂದರು. 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಪ್ಲೇಸ್ಟೇಷನ್ ಬಂತು. ನಿಂಟೆಂಡೊ ಮಾತ್ರ 1996ರ ನಿಂಟೆಂಡೊ 64ರಲ್ಲೂ ಕ್ಯಾಸೆಟ್ಟಿಗೇ ಅಂಟಿಕೊಂಡಿತು. ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ 64 ಎಂಬಿ, ಸಿಡಿಯಲ್ಲಿ 650. ವರ್ಷಗಟ್ಟಲೆ ನಿಂಟೆಂಡೊ ಮನೆಯಲ್ಲೇ ಇದ್ದ 'ಫೈನಲ್ ಫ್ಯಾಂಟಸಿ' ಸರಣಿಯ ಏಳನೆಯ ಆಟ 1997ರಲ್ಲಿ ಮೂರು ಸಿಡಿ ಹೊತ್ತು ಪ್ಲೇಸ್ಟೇಷನ್‌ಗೆ ಹೋಯಿತು. ಮೊದಲ ಪ್ಲೇಸ್ಟೇಷನ್ ಹತ್ತು ಕೋಟಿ ದಾಟಿ ಮಾರಾಟವಾಯಿತು. ನಿಂಟೆಂಡೊ 64 ಮೂರೂಕಾಲು ಕೋಟಿಯ ಆಸುಪಾಸು. ನನ್ನ ಲೆಕ್ಕದಲ್ಲಿ ಗೇಮ್ ಉದ್ಯಮದಲ್ಲಿ ಇಷ್ಟು ದುಬಾರಿ ಬಿದ್ದ ಜಾಣತನ ಇನ್ನೊಂದಿಲ್ಲ. ಆದರೂ ಯಮಾಉಚಿಯ ಭಯ ಸುಳ್ಳು ಅಂತ ಹೇಳಲಾರೆ. ಆ ಒಪ್ಪಂದಕ್ಕೆ ತಲೆಬಾಗಿದ್ದರೆ ನಿಂಟೆಂಡೊ ಇವತ್ತು ಸೋನಿಯ ಒಂದು ವಿಭಾಗವಾಗಿ ಉಳಿದಿರುತ್ತಿತ್ತೇನೋ.

ಆ ಜೋಡಿ ಯಂತ್ರದ ಒಂದು ಮಾದರಿ 2015ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. 2020ರ ಮಾರ್ಚ್‌ನಲ್ಲಿ 3,60,000 ಡಾಲರ್‌ಗೆ ಹರಾಜಾಯಿತು.

ಮುಂದಿನ ಕಥೆಗಳು ಚಿಕ್ಕವು. ಜಪಾನಿನ ಇನ್ನೊಂದು ಕನ್ಸೋಲ್ ಕಂಪನಿ ಸೆಗಾದ ಅಮೆರಿಕ ಶಾಖೆಯ ಮುಖ್ಯಸ್ಥರಾಗಿದ್ದ ಟಾಮ್ ಕಲಿನ್‌ಸ್ಕಿ, ಸೋನಿ ಜೊತೆ ಸೇರಿ ಒಂದೇ ಯಂತ್ರ ಮಾಡುವ ಪ್ರಸ್ತಾಪ ಒಯ್ದಾಗ ಜಪಾನಿನ ಮುಖ್ಯ ಕಚೇರಿ ತಳ್ಳಿಹಾಕಿತು ಎಂದು ಹೇಳಿಕೊಂಡಿದ್ದಾರೆ. ಸೆಗಾ 2001ರಲ್ಲಿ ಯಂತ್ರದ ವ್ಯಾಪಾರವನ್ನೇ ಬಿಟ್ಟಿತು. ಅದೇ ವರ್ಷದ ಕೊನೆಗೆ ಸೆಗಾದ ಹೆಸರಾಂತ ಆಟದ ಪಾತ್ರ ಸೋನಿಕ್ ನಿಂಟೆಂಡೊ ಯಂತ್ರಗಳಲ್ಲಿ ಓಡತೊಡಗಿದ. ಕಟ್ಟೆ ಕಳೆದುಕೊಂಡವನಿಗೆ ಯಾವ ರಸ್ತೆಯಾದರೂ ಒಂದೇ. ಎಕ್ಸ್‌ಬಾಕ್ಸ್ ಶುರು ಮಾಡುವ ಮುಂಚೆ ಮೈಕ್ರೋಸಾಫ್ಟ್‌ನವರು ನಿಂಟೆಂಡೊವನ್ನೇ ಕೊಳ್ಳಲು ಕೇಳಿದ್ದರು. ಎದುರಿಗಿದ್ದವರು ಒಂದು ಗಂಟೆ ನಕ್ಕರು ಎಂದು ಆ ಭೇಟಿಯನ್ನು ಎಕ್ಸ್‌ಬಾಕ್ಸ್ ತಂಡದಲ್ಲಿದ್ದ ಕೆವಿನ್ ಬ್ಯಾಕಸ್ ನೆನಪಿಸಿಕೊಂಡಿದ್ದಾರೆ. ಆ ಆಸೆ ಹೋಗಿಲ್ಲ. ನಿಂಟೆಂಡೊ ಕೈಗೆ ಬಂದರೆ ಅದು ತನ್ನ ವೃತ್ತಿಜೀವನದ ದೊಡ್ಡ ಗಳಿಗೆ ಎಂದು ಎಕ್ಸ್‌ಬಾಕ್ಸ್‌ನ ಆಗಿನ ಮುಖ್ಯಸ್ಥ ಫಿಲ್ ಸ್ಪೆನ್ಸರ್ 2020ರಲ್ಲಿ ಬರೆದ ಇಮೇಲ್ 2023ರಲ್ಲಿ ಹೊರಬಿತ್ತು.

ಇಷ್ಟೆಲ್ಲ ಜಗಳದ ಕೆಳಗೆ, ಮುಚ್ಚಳ ಬಿಚ್ಚಿ ನೋಡಿದರೆ, ಇವರು ಯಾವತ್ತೋ ಒಂದಾಗಿಬಿಟ್ಟಿದ್ದಾರೆ. ಪ್ಲೇಸ್ಟೇಷನ್ 3ರ ಸೆಲ್ ಚಿಪ್ಪನ್ನು ಸೋನಿ, ತೋಷಿಬಾ, ಐಬಿಎಂ ಸೇರಿ ಮಾಡಿದವು. ಅದು ಮುಗಿಯುವ ಮುಂಚೆಯೇ ಐಬಿಎಂ ಅದರ ಒಳಗಿನ ಕೆಲಸವನ್ನು ಮೈಕ್ರೋಸಾಫ್ಟ್‌ಗೂ ಬಳಸಿಕೊಂಡಿತು. ಎಕ್ಸ್‌ಬಾಕ್ಸ್ 360 ಬಂದದ್ದು 2005ರಲ್ಲಿ, ಸೋನಿಯದು ಅದಾಗಿ ಒಂದು ವರ್ಷಕ್ಕೆ. ನಿಂಟೆಂಡೊದ ವೀ ಯಂತ್ರದ ಒಳಗೂ ಐಬಿಎಂ ಚಿಪ್ಪೇ. 2013ರಿಂದ ಈಚೆಗೆ ಸೋನಿ, ಮೈಕ್ರೋಸಾಫ್ಟ್ ಇಬ್ಬರದೂ ಎಎಂಡಿ ಚಿಪ್. ಆ ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ ಎಲ್ಲಿದೆ ಗೊತ್ತಾ? 2023ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ತೆರೆಯಿತು, ಸುಮಾರು ಮೂರು ಸಾವಿರ ಎಂಜಿನಿಯರುಗಳಿಗೆ ಜಾಗ ಇಟ್ಟುಕೊಂಡು.

2019ರ ಮೇನಲ್ಲಿ ಇನ್ನೂ ಒಂದು ಹೆಜ್ಜೆ. ಸೋನಿಯ ಆಗಿನ ಮುಖ್ಯಸ್ಥ ಕೆನಿಚಿರೊ ಯೋಶಿದಾ ಮತ್ತು ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ, ಅದೇ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು, ಕೈ ಕುಲುಕಿ ಫೋಟೊ ತೆಗೆಸಿಕೊಂಡರು. ಇಂಟರ್ನೆಟ್ ಮೂಲಕ ಆಟ ಹರಿಸಲು ಮೈಕ್ರೋಸಾಫ್ಟ್‌ನ ಅಜೂರ್ ಸರ್ವರುಗಳನ್ನು ಸೋನಿ ಬಳಸುವ ಸಾಧ್ಯತೆ ನೋಡೋಣ ಎಂಬ ಒಪ್ಪಂದ. ಎರಡು ತಿಂಗಳ ಹಿಂದಷ್ಟೇ ಗೂಗಲ್ ತನ್ನ ಸ್ಟೇಡಿಯಾ ಘೋಷಿಸಿತ್ತು. ಡಬ್ಬವೇ ಬೇಡ ಅನ್ನುವ ಮೂರನೆಯವನು ಬಂದರೆ ಇಬ್ಬರ ಕಟ್ಟೆಗೂ ಕುತ್ತು. ಸ್ಟೇಡಿಯಾ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಸೋನಿ–ಮೈಕ್ರೋಸಾಫ್ಟ್ ಜಂಟಿ ಡಬ್ಬವೂ ಬರಲಿಲ್ಲ.

ಹುಡುಗ ನಾಗರಬಾವಿ ಗೆಳೆಯನ ಜೊತೆ ಆಡುತ್ತಾನಲ್ಲ, ಅದೂ ಸುಮ್ನೆ ಸಿಕ್ಕಿದ್ದಲ್ಲ. 2018ರ ಸೆಪ್ಟೆಂಬರ್‌ವರೆಗೆ ಸೋನಿ ಇದಕ್ಕೆ ಬಿಲ್‌ಕುಲ್ ಒಪ್ಪಿರಲಿಲ್ಲ. ಅದೇ ವರ್ಷ ಮೈಕ್ರೋಸಾಫ್ಟ್ ಮತ್ತು ನಿಂಟೆಂಡೊ 'ಮೈನ್‌ಕ್ರಾಫ್ಟ್' ಅನ್ನು ಜೊತೆಯಾಗಿ ಆಡಿ ಅಂತ ಜಾಹೀರಾತು ಮಾಡಿ ಸೋನಿಯನ್ನು ಚುಚ್ಚಿದ್ದವು. ಒಪ್ಪಿದ ಮೇಲೂ ಸೋನಿ ಕಟ್ಟೆ ಬಿಡಲಿಲ್ಲ. ಆಟಗಾರ ಹೆಚ್ಚು ಹೊತ್ತು ಪ್ಲೇಸ್ಟೇಷನ್‌ನಲ್ಲಿ ಆಡಿ, ದುಡ್ಡು ಮಾತ್ರ ಬೇರೆ ಕಡೆ ಜಾಸ್ತಿ ಖರ್ಚು ಮಾಡಿದರೆ, ಆ ವ್ಯತ್ಯಾಸಕ್ಕೆ ಆಟದ ಕಂಪನಿ ಸೋನಿಗೆ ತುಂಬಿಕೊಡಬೇಕು ಎಂಬ ನಿಯಮ 2021ರಲ್ಲಿ ಕೋರ್ಟಿನ ಕಾಗದಗಳಲ್ಲಿ ಬಯಲಾಯಿತು. ಬೇರೆ ರಸ್ತೆಯಲ್ಲಿ ಹೋದ ಗಾಡಿಗೂ ಸುಂಕ!

ಈಗ ಗಾಳಿ ತಿರುಗಿದೆ. 2024ರಲ್ಲಿ ಮೈಕ್ರೋಸಾಫ್ಟ್ ತನ್ನ ನಾಲ್ಕು ಆಟಗಳನ್ನು ಎದುರಾಳಿಗಳ ಯಂತ್ರಕ್ಕೆ ಬಿಟ್ಟಿತು. 2025ರ ಆಗಸ್ಟ್ 26ರಂದು, ಒಂದೇ ದಿನ, ಮೈಕ್ರೋಸಾಫ್ಟ್‌ನ 'ಗಿಯರ್ಸ್ ಆಫ್ ವಾರ್' ಪ್ಲೇಸ್ಟೇಷನ್‌ಗೆ ಬಂತು, ಸೋನಿಯ 'ಹೆಲ್‌ಡೈವರ್ಸ್ 2' ಎಕ್ಸ್‌ಬಾಕ್ಸ್‌ಗೆ ಹೋಯಿತು. ಎಕ್ಸ್‌ಬಾಕ್ಸ್‌ನ ಮುಖವೇ ಆಗಿದ್ದ 'ಹೇಲೋ' ಕೂಡ ಪ್ಲೇಸ್ಟೇಷನ್‌ಗೆ ಬರುತ್ತದೆ ಎಂದು ಆ ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು. ನಿಂಟೆಂಡೊ ಮಾತ್ರ ಮಾರಿಯೋನನ್ನು ಈ ಇಬ್ಬರ ಯಂತ್ರಗಳ ಹೊಸಿಲು ತುಳಿಯಲು ಬಿಟ್ಟಿಲ್ಲ. ಅದು ನಮ್ಮ ದೇಶದಲ್ಲಿ ಅಂಗಡಿಯನ್ನೂ ಇಟ್ಟಿಲ್ಲ. ಇಲ್ಲಿ ಅದರ ಸ್ವಿಚ್ ಎಂಬ ಯಂತ್ರ ಬೇಕಾದವರು ದುಬೈನಿಂದ ಬರುವ ನೆಂಟರ ಸೂಟ್‌ಕೇಸ್ ಕಾಯಬೇಕು, ಇಲ್ಲವೇ ಪರಿಚಯದ ಅಂಗಡಿಯವನನ್ನು ಹಿಡಿಯಬೇಕು.

ಹಾಗಾದರೆ ನಾಳೆ ಸೋನಿಯೂ ಮೈಕ್ರೋಸಾಫ್ಟೂ ನಿಜವಾಗಿ ಒಂದೇ ಡಬ್ಬ ಮಾಡಿದರೆ? ಚಿಪ್ ಒಂದೇ ಮನೆಯದು. ಆಟಗಳು ಆಗಲೇ ಅತ್ತಿತ್ತ ಓಡಾಡುತ್ತಿವೆ. ಎಂಜಿನಿಯರುಗಳಿಗೆ ಕೆಲಸ ಕಷ್ಟವಿಲ್ಲ. ಆಕ್ಟಿವಿಷನ್ ಎಂಬ ಆಟದ ಕಂಪನಿಯ ಖರೀದಿಗೇ ಮೈಕ್ರೋಸಾಫ್ಟ್‌ಗೆ ಇಪ್ಪತ್ತೊಂದು ತಿಂಗಳು ಹಿಡಿಯಿತು, ಬ್ರಿಟನ್ನಿನ ನಿಯಂತ್ರಕರು ಒಮ್ಮೆ ತಡೆದೂ ಇದ್ದರು, ಹಾಗಾಗಿ ವಕೀಲರಿಗೆ ಮಾತ್ರ ಕೈತುಂಬ ಕೆಲಸ. ಅದೂ ದಾಟಿದರೆ ಉಳಿಯುವುದು 1988ರ ಅದೇ ಸಾಲು. ಡಬ್ಬ ಆನ್ ಮಾಡಿದಾಗ ಮೊದಲು ತೆರೆಯುವ ಅಂಗಡಿ ಯಾರದು? ನೂರರಲ್ಲಿ ಆ ಮೂವತ್ತು ಯಾರಿಗೆ? ಹದಿನೈದು ಹದಿನೈದು ಹಂಚಿಕೊಳ್ಳಲಿ ಅಂತ ಅಕ್ಕನ ಮಗ ಥಟ್ಟನೆ ಹೇಳಿದ. ಒಳ್ಳೆಯ ಹುಡುಗ. ಆಸ್ತಿ ಪಾಲು ಮಾಡುವುದನ್ನು ಇನ್ನೂ ನೋಡಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿದ್ದ ಅಕ್ಕನ ಫೋನ್ ಟಿಂಗ್ ಅಂತು. ಕಾರ್ಡಿನಿಂದ ದುಡ್ಡು ಹೋಗಿತ್ತು. ಹುಡುಗ ಆಟದೊಳಗೆ ಹೊಸ ಡ್ರೆಸ್ ಕೊಂಡಿದ್ದ.

"ಯಾರೋ ಅದು ದುಡ್ಡು ಕಿತ್ಕೊಂಡೋನು?" ಸೌಟು ಹಿಡಿದುಕೊಂಡೇ ಅಕ್ಕ ಹೊರಗೆ ಬಂದಳು.

ಹುಡುಗ ನನ್ನ ಕಡೆ ನೋಡಿ ಕಣ್ಣು ಹೊಡೆದ. "ಸುಂಕದಕಟ್ಟೆ, ಅಮ್ಮ," ಅಂದ.