ಐದು ತಂದ್ರೆ ಎರಡೇ ಉಳಿಯೋ ಬಂಗ್ಗಾಯ್ ಕಾರ್ಡಿನಲ್

ಬಂಗ್ಗಾಯ್ ಕಾರ್ಡಿನಲ್ ಅನ್ನೋ ಈ ಅಕ್ವೇರಿಯಂ ಕಡಲ ಮೀನಿನ ಬಗ್ಗೆ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಳಿವಿನಂಚಲ್ಲಿದೆ ಮುಟ್ಬೇಡಿ ಅಂತ ಒಬ್ರು, ಮನೇಲೇ ಮರಿ ಮಾಡತ್ತೆ ಆರಾಮಾಗಿ ಸಾಕಿ ಅಂತ ಇನ್ನೊಬ್ರು, ಐದಾರು ತಂದ್ರೆ ಗುಂಪಾಗಿ ಚೆನ್ನಾಗಿ ಕಾಣತ್ತೆ ಅಂತ ಮತ್ತೊಬ್ರು. ಮೂರೂ ಅರ್ಧರ್ಧ ನಿಜ, ಗೋಜಲು ಆಗಿರೋದೇ ಅಲ್ಲಿ.

1920ರಲ್ಲಿ ಸ್ವೀಡನ್ನಿನ ಸಂಶೋಧಕ ವಾಲ್ಟರ್ ಕೌಡರ್ನ್ ಇಂಡೋನೇಷ್ಯಾದ ಸುಲಾವೇಸಿ ಪಕ್ಕದ ಬಂಗ್ಗಾಯ್ ದ್ವೀಪಗಳಿಂದ ಇದನ್ನ ತಗೊಂಡ್ಹೋದ, 1933ರಲ್ಲಿ ಹೆಸರು ಬಿತ್ತು, ಆಮೇಲೆ ಅರವತ್ತು ವರ್ಷ ಯಾರೂ ಕ್ಯಾರೇ ಅನ್ಲಿಲ್ಲ. 1994ರಲ್ಲಿ ಮೀನು ತಜ್ಞ ಗೆರಾಲ್ಡ್ ಆಲೆನ್ ಕಣ್ಣಿಗೆ ಮತ್ತೆ ಬಿತ್ತು ನೋಡಿ, ಕಪ್ಪು ಪಟ್ಟೆ, ಬೆಳ್ಳಿ ಮೈ, ಬಿಳಿ ಚುಕ್ಕೆ, ಎಲ್ರಿಗೂ ಬೇಕಾಯ್ತು. ಕೆಲವೇ ವರ್ಷದಲ್ಲಿ ವರ್ಷಕ್ಕೆ ಲಕ್ಷಗಟ್ಲೆ ಹಿಡಿಯೋ ಮಟ್ಟಕ್ಕೆ ಹೋಯ್ತು, ಹಿಡಿದವನ ಕೈಗೆ ಮೀನಿಗೆ ಕೆಲವೇ ಸೆಂಟು. 2007ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪುಪಟ್ಟಿಗೆ ಅಳಿವಿನಂಚಿನ ಜೀವಿ ಅಂತ ಸೇರ್ತು, ಅದೇ ವರ್ಷ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್ ಅಡಿ ಇದರ ವ್ಯಾಪಾರಕ್ಕೆ ಲಗಾಮು ಹಾಕೋ ಪ್ರಸ್ತಾಪ ಬಂದು ಬಿದ್ದೋಯ್ತು, 2016ರಲ್ಲಿ ಮತ್ತೆ ಬಂದು ವಾಪಸ್ ಹೋಯ್ತು.

ಇದಕ್ಕೆ ಇಷ್ಟು ಪೆಟ್ಟು ಬೀಳೋಕೆ ಕಾರಣ ಮರಿ ಮಾಡೋ ರೀತಿ. ಹೆಣ್ಣು ಹಾಕಿದ ಕೆಲವು ಡಜನ್ ಮೊಟ್ಟೆನ ಗಂಡು ಬಾಯಲ್ಲಿಟ್ಕೊಂಡು ಮೂರು ವಾರ ಕಾಯತ್ತೆ, ಒಡೆದ ಮೇಲೂ ಹತ್ತು ದಿನ ಮರಿನ ಬಾಯಲ್ಲೇ ಇಟ್ಕೊಂಡಿರತ್ತೆ, ಅಷ್ಟು ದಿನ ಊಟ ಇಲ್ಲ. ಬೇರೆ ಮೀನಿನ ಮರಿ ತರ ಇದರ ಮರಿ ಅಲೆ ಮೇಲೆ ತೇಲಿ ದೂರ ಹೋಗಲ್ಲ, ಹಾಗಾಗಿ ಒಂದು ಹವಳದ ಬಂಡೆ ಖಾಲಿಯಾದ್ರೆ ಪಕ್ಕದ್ರಿಂದ ತುಂಬ್ಕೊಳ್ಳೋದು ಕಷ್ಟ. ಆದ್ರೆ ಟ್ಯಾಂಕಲ್ಲಿ ಇದೇ ಗುಣ ವರ, ಮರಿ ಹುಟ್ತಾನೇ ಆರ್ಟೀಮಿಯಾ ಅನ್ನೋ ಪುಟಾಣಿ ಸೀಗಡಿಯಂಥ ಹುಳ ತಿನ್ನೋಷ್ಟು ದೊಡ್ಡದಿರತ್ತೆ. ಕೊಬ್ಬಿನಂಶ ಸೇರಿಸದ ಬರೀ ಆರ್ಟೀಮಿಯಾ ಕೊಟ್ರೆ ಮಾತ್ರ ಒಂದಿನ ಲೈಟ್ ಹಾಕಿದ ತಕ್ಷಣ ಬೆಚ್ಚಿ ತಿರುಗಿ ತಿರುಗಿ ಬಿದ್ದು ಸಾಯ್ತವೆ, ನೋಡೋಕಾಗಲ್ಲ.

ಆಮೇಲೆ 2010ರ ದಶಕದಲ್ಲಿ ಥಾಯ್ಲೆಂಡಿನ ಫಾರ್ಮ್‌ಗಳಿಂದ ಮೀನು ಬರೋಕೆ ಶುರುವಾಯ್ತು. ಕಡಲಿಂದ ಹಿಡಿದು ತಂದ ಮೀನಲ್ಲಿ ಇರಿಡೋವೈರಸ್ ಅನ್ನೋ ರೋಗಾಣುವಿನ ಕಾಟ ಇತ್ತು, ಬಂದ ವಾರದಲ್ಲೇ ಸೊರಗಿ ಸಾಯ್ತಿದ್ವು, ಅದರ ಮುಂದೆ ಸಾಕಿ ಬೆಳೆಸಿದ್ದೇ ವಾಸಿ, ಬೆಲೆ ಜಾಸ್ತಿಯಾದ್ರೂ. ಆದ್ರೆ ಬಂಗ್ಗಾಯ್ ದ್ವೀಪದಲ್ಲಿ ಬಲೆ ಹಿಡ್ಕೊಂಡು ಕೂತವನಿಗೆ ಇದ್ರಿಂದ ಏನು ಸಿಗ್ತು, ಆ ಪ್ರಶ್ನೆ ಹಾಗೇ ಇದೆ.

ಇನ್ನು ಗುಂಪಿನ ಮಾತು. ಮರಿಗಳು ಗುಂಪಾಗಿರೋದು ನಿಜ, ಕಡಲಲ್ಲಿ ಅರ್ಚಿನ್ ಅನ್ನೋ ಉದ್ದ ಮುಳ್ಳಿನ ಕಡಲ ಜೀವಿಗಳ ಮಧ್ಯೆ ನೂರಾರು ಸೇರ್ತವೆ. ಟ್ಯಾಂಕಲ್ಲಿ ಬೆಳೆದ್ಮೇಲೆ ಒಂದು ಜೋಡಿ ಕಟ್ಕೊಂಡು ಉಳಿದವನ್ನ ಅಟ್ಟಾಡಿಸತ್ತೆ, ಫಾರ್ಮಲ್ಲಿ ಹುಟ್ಟಿದ್ದು ಅಂತ ಸಾಧು ಆಗಲ್ಲ. ಗುಂಪೇ ಬೇಕಂದ್ರೆ ಇದರ ಸಂಬಂಧಿ ಪಜಾಮಾ ಕಾರ್ಡಿನಲ್ ವಾಸಿ. ನಾನು ಐದು ತಂದಿದ್ದೆ, ಮೂರು ಒಂದೊಂದಾಗಿ ಮೇಲ್ಮೂಲೆ ಸೇರಿ ರೆಕ್ಕೆ ಹರ್ಕೊಂಡು ಹೋದ್ವು. ಉಳಿದ ಗಂಡಿನ ದವಡೆ ಈಗ ಉಬ್ಬಿದೆ, ಹತ್ತು ದಿನದಿಂದ ಮೈಸಿಸ್ (ಮೀನಿಗೆ ಹಾಕೋ ಸಣ್ಣ ಸೀಗಡಿಯಂಥ ಆಹಾರ) ಮೂಸೂ ನೋಡಿಲ್ಲ.