ಒಂದು ಎಲೆಯೂ ಬಾಡಿಲ್ಲ ನೋಡಪ್ಪಾ

ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಬೆಂಗಳೂರಿಗೆ ಬಂದಿಳಿದಿದ್ದರು. ಬ್ಯಾಗಿನಲ್ಲಿ ಬೇರು ಬಿಟ್ಟ ಕ್ಯಾಮೆಲಿಯಾ ಅನ್ನುವ ಹೂವಿನ ಗಿಡ. ಬುಡಕ್ಕೆ ಒಂದು ಹಿಡಿ ಮಣ್ಣು, ಸುತ್ತ ಒದ್ದೆ ಪೇಪರ್, ಮೇಲೊಂದು ಪ್ಲಾಸ್ಟಿಕ್ ಕವರ್. ಪರ್ಮಿಟ್ ಇಲ್ಲ, ಗಿಡದ ಆರೋಗ್ಯ ಪ್ರಮಾಣಪತ್ರವೂ ಇಲ್ಲ. "ನೋಡಪ್ಪಾ, ಒಂದು ಎಲೆಯೂ ಬಾಡಿಲ್ಲ. ಇದಕ್ಕೇನು ರೋಗ?" ಅಂದರು.

ಹೊರದೇಶದಿಂದ ಬರುವ ಗಿಡಗಳಲ್ಲಿ ರೋಗ ಇದೆಯಾ ಅಂತ ನೋಡುವ ಕ್ವಾರಂಟೈನ್ ಕೆಲಸ ನನ್ನದು. ಈ ಮಾತು ಕೇಳದ ವಾರವೇ ಇಲ್ಲ. ನರ್ಸರಿ ನಡೆಸುವವರೂ ಇದನ್ನೇ ಹೇಳಿದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ.

ಬಾಡಿದ ಗಿಡವನ್ನು ಯಾರೂ ಅಷ್ಟು ದೂರದಿಂದ ಹೊತ್ತು ತರುವುದಿಲ್ಲ ಅಲ್ವಾ? ಕಾಡನ್ನೇ ಕೊಂದ ಎಷ್ಟೋ ರೋಗಗಳು ಬಂದಿರುವುದು ಚೆನ್ನಾಗಿ ಕಾಣುವ ಗಿಡಗಳ ಜೊತೆಯೇ. ಅಮೆರಿಕದ ಚೆಸ್ಟ್‌ನಟ್ ಮರಗಳಿಗೆ ಶಿಲೀಂಧ್ರ ಹತ್ತಿದ್ದು ಏಷ್ಯಾದಿಂದ ತಂದ ಚೆಸ್ಟ್‌ನಟ್ ಗಿಡಗಳಿಂದ. ಆ ಗಿಡಗಳು ಅದರ ಜೊತೆ ಬಾಳಿ ಪಳಗಿದ್ದವು, ಅವಕ್ಕೆ ಹೆಚ್ಚೇನೂ ಆಗಲಿಲ್ಲ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ರೋಗ ಕಣ್ಣಿಗೆ ಬಿತ್ತು. ಮುಂದಿನ 50 ವರ್ಷಗಳಲ್ಲಿ ಅಂದಾಜು 300ರಿಂದ 400 ಕೋಟಿ ಮರಗಳು ಹೋದವು.

ಆ ಅಮ್ಮ ಇದ್ದು ಬಂದ ಕಡೆಯೇ ನೋಡಿ. 1990ರ ದಶಕದ ನಡುವೆ ಅಲ್ಲಿನ ಓಕ್ ಮರಗಳು ಕಾಂಡದಿಂದ ಕಪ್ಪು ರಸ ಸೋರಿಸಿ ಸಾಯತೊಡಗಿದವು. ಕಾರಣ ಫೈಟಾಫ್ಥೊರಾ ರಮೋರಮ್ ಅನ್ನುವ ರೋಗಾಣು. ನಮ್ಮ ಅಡಿಕೆಯ ಕೊಳೆರೋಗದ ದಾಯಾದಿ ಇದು. ತಂಪು, ಮಳೆ, ಮಂಜು ಅಂದರೆ ಇದಕ್ಕೆ ಹಬ್ಬ. ಅಲ್ಲಿನ ಬೇ ಲಾರೆಲ್ ಮರಕ್ಕೂ ಹತ್ತುತ್ತದೆ, ಆದರೆ ಆ ಮರ ಸಾಯುವುದಿಲ್ಲ. ಎಲೆಯ ತುದಿಯಲ್ಲೊಂದು ಕಂದು ಮಚ್ಚೆ, ಅಷ್ಟೇ. ಮಳೆ ಬಂದಾಗ ಆ ಮಚ್ಚೆಯಿಂದಲೇ ಬೀಜಕಗಳು ಚಿಮ್ಮಿ ಪಕ್ಕದ ಓಕ್‌ಗೆ ತಗಲುತ್ತವೆ. ಹರಡುವ ಮರ ಒಂದು, ಸಾಯುವ ಮರ ಇನ್ನೊಂದು. ಕ್ಯಾಮೆಲಿಯಾವೂ ಹರಡುವ ಗುಂಪಿನದೇ. 2004ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ನರ್ಸರಿಯ ಕ್ಯಾಮೆಲಿಯಾಗಳಲ್ಲಿ ಇದು ಸಿಕ್ಕಿತು. ಅಷ್ಟರಲ್ಲಾಗಲೇ ಅಲ್ಲಿಂದ ಹಲವು ರಾಜ್ಯಗಳಿಗೆ ಗಿಡ ಹೋಗಿಯಾಗಿತ್ತು.

"ಔಷಧಿ ಹೊಡೆದೇ ತಂದಿದ್ದೇವೆ" ಅನ್ನುವವರಿದ್ದಾರೆ. ಇದು ಇನ್ನೂ ಕಷ್ಟ. ಎಷ್ಟೋ ಔಷಧಿಗಳು ಇಂಥ ರೋಗಾಣುವನ್ನು ಕೊಲ್ಲುವುದಿಲ್ಲ, ಅದರ ಬೆಳವಣಿಗೆಯನ್ನು ಸುಮ್ನೆ ತಡೆದಿಡುತ್ತವೆ. ಮಚ್ಚೆ ಮರೆಯಾಗುತ್ತದೆ, ರೋಗ ಒಳಗೇ ಇರುತ್ತದೆ. ಇನ್ನು ಒದ್ದೆ ಪೇಪರ್, ಪ್ಲಾಸ್ಟಿಕ್ ಕವರ್? ಅಡಗಿರುವ ರೋಗಾಣು ಎದ್ದು ಬರಲಿ ಅಂತ ಲ್ಯಾಬ್‌ನಲ್ಲಿ ನಾವು ಮಾಡುವುದೂ ಅದನ್ನೇ. ಎಲೆಯನ್ನು ಒದ್ದೆ ಕಾಗದದ ಮೇಲಿಟ್ಟು ಮುಚ್ಚಿ ದಿನಗಟ್ಟಲೆ ಕಾಯುತ್ತೇವೆ. ಆಮದು ಮಾಡಿದ ಕೆಲವು ಗಿಡಗಳನ್ನು ತಿಂಗಳುಗಟ್ಟಲೆ ಬೇರೆ ಇಟ್ಟು ಬೆಳೆಸಿ ನೋಡುವುದೂ ಇದಕ್ಕೇ. ಜನ ಅದನ್ನು ಸರ್ಕಾರಿ ವಿಳಂಬ ಅಂದುಕೊಳ್ಳುತ್ತಾರೆ.

ಆ ಒಂದು ಗಿಡದಿಂದ ಮಲೆನಾಡು ಒಣಗಿಬಿಡುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಆದರೆ ಈ ರೋಗ ಹತ್ತುವ ರೋಡೊಡೆಂಡ್ರಾನ್ ಕುಲದ ಮರ ನೀಲಗಿರಿಯ ಎತ್ತರದಲ್ಲಿದೆ. ನಾವು ಕುಡಿಯುವ ಚಹಾದ ಗಿಡವೂ ಕ್ಯಾಮೆಲಿಯಾ ಕುಲದ್ದೇ. ಕಾಡಿಗೆ ಇಳಿದ ಮೇಲೆ ಇಂಥದ್ದನ್ನು ಹಿಡಿದು ವಾಪಸ್ ಕಳಿಸಿದವರನ್ನು ನಾನು ನೋಡಿಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳಿದರೂ ಮುಖ ಗಂಟಿಕ್ಕಿಯೇ ಇತ್ತು. ಕೊನೆಗೆ ಕೇಳಿದೆ, "ಅಮ್ಮಾ, ಅಡಿಕೆಗೆ ಬೋರ್ಡೋ ಔಷಧಿ ಯಾವಾಗ ಹೊಡೆಸ್ತೀರಿ? ಕೊಳೆ ಕಾಣಿಸಿಕೊಂಡ ಮೇಲಾ?"

"ಆಮೇಲೆ ಹೊಡೆಸಿ ಏನು ಬಂತು? ಮಳೆ ಹಿಡಿಯೋ ಮೊದಲೇ ಆಗಬೇಕು."

ಸ್ವಲ್ಪ ಹೊತ್ತು ಗಿಡವನ್ನೇ ನೋಡಿದರು. ಆಮೇಲೆ ಕವರನ್ನು ನನ್ನ ಕಡೆ ಸರಿಸಿ, ಸೂಟ್‌ಕೇಸ್ ತೋರಿಸಿ ಕೇಳಿದರು:

"ಅಲ್ಲಿ ಕಾಡಲ್ಲಿ ವಾಕಿಂಗ್ ಹೋಗ್ತಿದ್ದ ಶೂ ಇದರಲ್ಲಿದೆ. ಅಡಿಯೆಲ್ಲ ಮಣ್ಣು. ಅದನ್ನೂ ತೆಗೀಲಾ?"