ಕೆಮ್ಮೆಲ್‌ಬರ್ಗ್: 23% ಏರು ಅಂದರೆ 23 ಡಿಗ್ರಿ ಅಲ್ಲ

ಬೆಲ್ಜಿಯಂನ ಕೆಮ್ಮೆಲ್‌ಬರ್ಗ್ ಗುಡ್ಡದ ಬಗ್ಗೆ ಓದಲು ಕೂತಿದ್ದು ಮೊದಲನೇ ಮಹಾಯುದ್ಧದ ಪಾಠಕ್ಕೆ. ಆದರೆ ಎರಡು ದಿನ ಸಿಕ್ಕಿಹಾಕಿಕೊಂಡಿದ್ದು ಲೆಕ್ಕದಲ್ಲಿ. ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಯುದ್ಧ

ಎತ್ತರ ಸಮುದ್ರಮಟ್ಟದಿಂದ ಬರೀ 156 ಮೀಟರ್. ಇಷ್ಟಕ್ಕೆ ಯಾಕೆ ಅಷ್ಟು ಹೊಡೆದಾಟ? ಸುತ್ತಲಿನ ನೆಲ ನೋಡಬೇಕು. ಈಪರ್ ಪಟ್ಟಣದ (ಕೆಲವು ಪುಸ್ತಕಗಳಲ್ಲಿ ಈಪ್ರ್, ಎರಡೂ ಒಂದೇ ಊರು) ಕಡೆಯೆಲ್ಲ ಹೆಚ್ಚುಕಡಿಮೆ ಬಯಲು. ಗುಡ್ಡದ ಮೇಲಿದ್ದವನಿಗೆ ಎದುರಾಳಿಯ ದಾರಿ, ಗಾಡಿ, ಫಿರಂಗಿ ಎಲ್ಲಾ ಕಾಣುತ್ತವೆ, ತನ್ನ ಫಿರಂಗಿಗಳಿಗೆ ಅಲ್ಲಿಂದಲೇ ಗುರಿ ಹೇಳಬಹುದು. 1918ರ ಏಪ್ರಿಲ್ 9ಕ್ಕೆ ಲಿಸ್ ನದಿಯ ಕಡೆ ಜರ್ಮನ್ನರ ದೊಡ್ಡ ದಾಳಿ (ಲಿಸ್ ದಾಳಿ) ಶುರುವಾಯಿತು. ಬ್ರಿಟಿಷರು ಗುಡ್ಡವನ್ನು ಉಳಿಸಿಕೊಂಡು ಫ್ರೆಂಚರಿಗೆ ವಹಿಸಿದರು. ಏಪ್ರಿಲ್ 25ರ ಬೆಳಗ್ಗೆ ವಿಷಾನಿಲ, ಶೆಲ್ಲುಗಳ ಸುರಿಮಳೆ, ಹಿಂದೆಯೇ ಜರ್ಮನ್ನರ ಆಲ್ಪೆನ್‌ಕೋರ್ (ಬೆಟ್ಟದ ಯುದ್ಧಕ್ಕೆ ಕಟ್ಟಿದ) ಪಡೆ. ಕೆಲವೇ ಗಂಟೆಗಳಲ್ಲಿ ಗುಡ್ಡ ಕೈತಪ್ಪಿತು. ಅವತ್ತು ಕಳೆದುಕೊಂಡವರು ಫ್ರೆಂಚರು, ಬ್ರಿಟಿಷರಲ್ಲ. ಇದನ್ನು ಅಡಿಗೆರೆ ಹಾಕಿಟ್ಟುಕೊಳ್ಳಿ.

ಏರಿನ ಲೆಕ್ಕ

ಘೆಂಟ್-ವೆವೆಲ್ಗೆಮ್ ಸೈಕಲ್ ರೇಸ್ 1934ರಲ್ಲಿ ಶುರುವಾದದ್ದು. ಅದರ ಹೆಸರುವಾಸಿ ಏರು ಇದೇ. ದಾರಿಗೆ ಕಲ್ಲು ಹಾಸಿದ್ದಾರೆ, ತೀರಾ ಕಡಿದಾದ ಕಡೆ ಸುಮಾರು 23%. ನಾನು ಇದನ್ನು 23 ಡಿಗ್ರಿ ಅಂದುಕೊಂಡು ಕೋನಮಾಪಕ ಇಟ್ಟು ಗೆರೆ ಎಳೆದೆ. ಎಲ್ಲಾ ತಪ್ಪಿದ್ದು ಇಲ್ಲೇ.

23% ಅಂದರೆ ಅಡ್ಡಕ್ಕೆ 100 ಮೀಟರ್ ಹೋದರೆ ಮೇಲಕ್ಕೆ 23 ಮೀಟರ್, ಅಷ್ಟೇ. ಚೌಕುಳಿ ಹಾಳೆಯಲ್ಲಿ ಹಾಕಿ ನೋಡಿ: ಬಲಕ್ಕೆ 100 ಮನೆ, ಮೇಲಕ್ಕೆ 23 ಮನೆ, ತುದಿ ಸೇರಿಸಿ. ಈಗ ಕೋನ ಅಳೆದರೆ ಸುಮಾರು 13 ಡಿಗ್ರಿ. ಹಾಗಾದರೆ 100% ಅಂದರೆ ಗೋಡೆಯ ಹಾಗೆ ನೇರವಾ? ಅಲ್ಲ! ಬಲಕ್ಕೆ 100, ಮೇಲಕ್ಕೆ 100, ಅಂದರೆ 45 ಡಿಗ್ರಿ. ಈ 100% ಉದಾಹರಣೆ ಸಿಕ್ಕಮೇಲೇ ನನಗೆ ಗಟ್ಟಿಯಾಗಿ ಕೂತಿದ್ದು.

ನನ್ನ ಅಡ್ಡದಾರಿ: ಶೇಕಡಾವನ್ನು 1.75ರಿಂದ ಭಾಗಿಸಿ, ಡಿಗ್ರಿ ಬರುತ್ತದೆ. 23 ÷ 1.75 = 13.1. 18%ಗೆ ಹಾಕಿ, ಸುಮಾರು 10 ಬರಬೇಕು. 30% ದಾಟಿದರೆ ಇದನ್ನು ನಂಬಬೇಡಿ, 100%ಗೆ ಹಾಕಿದರೆ 57 ಬರುತ್ತದೆ, ನಿಜ 45 ಅಲ್ವಾ.

ಈ ತಪ್ಪು ಸಣ್ಣದೇನಲ್ಲ. ಸವಾರ, ಸೈಕಲ್ ಸೇರಿ 80 ಕೆಜಿ ಅನ್ನಿ. 13 ಡಿಗ್ರಿಯಲ್ಲಿ ಇಳಿಜಾರು ಹಿಂದಕ್ಕೆ ಎಳೆಯುವುದು ಸುಮಾರು 18 ಕೆಜಿ ತೂಕದಷ್ಟು (80 × ಸೈನ್ 13°). 23 ಡಿಗ್ರಿ ಅಂತ ಹಾಕಿದರೆ 31 ಬರುತ್ತದೆ. 18 ಕೆಜಿಯೇ ಜಾಸ್ತಿ. ಅದರ ಮೇಲೆ ಒದ್ದೆ ಕಲ್ಲಿನಲ್ಲಿ ಎದ್ದು ನಿಂತು ಪೆಡಲ್ ತುಳಿದರೆ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಚಕ್ರ ಜಾರುತ್ತದೆ.

ಸಮಾಧಿ

ಕಡಿದಾದ ಆ ಬದಿಗೆ ರೇಸಿನವರು ಹೇಳುವುದು ‘ಒಸುವೇರ್’ ಅಂತ. ಫ್ರೆಂಚಿನಲ್ಲಿ ಹಾಗಂದರೆ ಮೂಳೆಗಳನ್ನು ಒಟ್ಟಿಗೆ ಇಟ್ಟಿರುವ ಜಾಗ. ಆ ಬದಿಯಲ್ಲೇ 5,294 ಫ್ರೆಂಚ್ ಸೈನಿಕರ ಸಾಮೂಹಿಕ ಸಮಾಧಿ ಇದೆ. ಗುರುತು ಸಿಕ್ಕಿದ್ದು 57 ಜನರದ್ದು ಮಾತ್ರ. ಶೇಕಡಾ ಕೈಗೆ ಬಂದಿತ್ತಲ್ಲ, ಇದಕ್ಕೂ ಹಾಕಿ ನೋಡಿದೆ. 1.1% ಬಂತು. ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.